ಧಾರಣೆ ಕುಸಿದ ವರ್ಷಗಳಲ್ಲಿ ನಾವು ಬದುಕಿದ ಬಗೆ

ಕಾಫಿ ಕೈಕೊಟ್ಟರೆ ಅಡಿಕೆ ಕಾಯುತ್ತದೆ, ಅಡಿಕೆ ಕೈಕೊಟ್ಟರೆ ಕಾಫಿ ಕಾಯುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆಯಾಗಿತ್ತು. 2000ದ ನಂತರದ ಮುಗ್ಗಟ್ಟಿನಲ್ಲಿ ಎರಡೂ ಒಟ್ಟಿಗೆ ಕೈಕೊಟ್ಟವು. ಆ ದಿನಗಳನ್ನು ಕಾಣದ ಎಳೆಯ ಸದಸ್ಯರು ಈಗ ಸಂಘದಲ್ಲಿ ಹಲವರಿದ್ದಾರೆ. ಆಗ ಆದದ್ದೇನು, ಮನೆ ಮತ್ತು ತೋಟ ಹೇಗೆ ನಡೆದವು ಎಂಬುದನ್ನು ಅವರಿಗಾಗಿ ಇಲ್ಲಿ ವಿವರಿಸಿದ್ದೇವೆ.

ಧಾರಣೆ ಬಿದ್ದದ್ದೇಕೆ?

1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ ನಿಂತುಹೋಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ದರ ಏರಿತು. ಏರಿದ ದರ ನೋಡಿ ಎಲ್ಲೆಡೆ ಹೊಸ ತೋಟಗಳೆದ್ದವು. ವಿಯೆಟ್ನಾಂ ರೊಬಸ್ಟಾ ಬೆಳೆಯಲ್ಲಿ ಎಲ್ಲರನ್ನೂ ಮೀರಿಸಿತು. ಕುಡಿಯುವವರಿಗಿಂತ ಬೆಳೆ ಹೆಚ್ಚಾಯಿತು. 2001ರಲ್ಲಿ ವಿಶ್ವದ ಸರಾಸರಿ ದರ ಪೌಂಡಿಗೆ ಸುಮಾರು 45 ಸೆಂಟಿಗೆ ಇಳಿಯಿತು. ಅಂದಿನ ಡಾಲರ್ ಲೆಕ್ಕದಲ್ಲಿ ಕಿಲೋಗೆ ಸುಮಾರು 47 ರೂಪಾಯಿ. ರೊಬಸ್ಟಾ ಅದಕ್ಕಿಂತಲೂ ಕೆಳಗಿತ್ತು.

ಇನ್ನೊಂದು ಕಾರಣ ನಮ್ಮ ಮನೆಯೊಳಗಿನದು. ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ಹಣ ಕಂತು ಕಂತಾಗಿ ಬರುತ್ತಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಗಿ, ಇಡೀ ವರ್ಷದ ಹಣ ಒಮ್ಮೆಗೇ ಕೈಗೆ ಬಂತು. ಒಳ್ಳೆಯ ವರ್ಷಗಳ ಆ ಹಣದಲ್ಲಿ ಜೀಪು ಬಂದವು, ಮನೆಗಳು ಎದ್ದವು, ಸಾಲವೂ ಬೆಳೆಯಿತು. ದರ ಬಿದ್ದಾಗ ಉಳಿದದ್ದು ಸಾಲವೊಂದೇ.

ಮನೆಯ ಖರ್ಚು

ನಮ್ಮೂರಿನಲ್ಲಿ ಮೊದಲು ನಿಂತದ್ದು ಪೇಟೆಯ ತರಕಾರಿ. ಮಳೆಗಾಲದಲ್ಲಿ ಕೆಸು, ಕಳಲೆ, ಬೇಸಿಗೆಯಲ್ಲಿ ಹಲಸು. ಹಲಸಿನ ಬೀಜವನ್ನು ಮಣ್ಣು ಬಳಿದು ಒಣಗಿಸಿ ಆಷಾಢಕ್ಕೆ ಕಾಪಿಡುತ್ತಿದ್ದೆವು. ಒಳ್ಳೆಯ ಕಾಫಿಯೆಲ್ಲ ಮಾರಾಟಕ್ಕೆ; ಮನೆಗೆ ಕಪ್ಪುಕಾಳು, ಒಡಕು, ಬೆಲ್ಲ ಹಾಕಿ. ಜೀಪು ಕೊಟ್ಟಿಗೆ ಸೇರಿತು, ಬಸ್ಸೇ ಗತಿಯಾಯಿತು. ಹೆಂಗಸರ ಬಳೆ, ಸರಗಳು ಅಡವಿಗೆ ಹೋದವು. ಮಕ್ಕಳ ಕಾಲೇಜು ಫೀಸು ಕಟ್ಟಿದ್ದು ಅವುಗಳಿಂದಲೇ. ಆಳಿಗೆ ಕೊಡಲು ದುಡ್ಡಿಲ್ಲದಿದ್ದಾಗ ಮುಯ್ಯಾಳು ಮತ್ತೆ ಶುರುವಾಯಿತು. ಇಂದು ನಿಮ್ಮ ತೋಟದಲ್ಲಿ, ನಾಳೆ ನಮ್ಮಲ್ಲಿ.

ಸಂಕಟ ನಮಗಷ್ಟೇ ಅಲ್ಲ. ನಾವು ಖರ್ಚು ಬಿಗಿದಾಗ ಕೂಲಿಯವರ ಒಲೆ ಮೊದಲು ಆರುತ್ತಿತ್ತು ಎಂಬುದನ್ನು ಮರೆಯಬಾರದು. ಅನೇಕ ಕುಟುಂಬಗಳು ಕೆಲಸ ಹುಡುಕಿ ಊರು ಬಿಟ್ಟವು, ಹಲವು ಮರಳಲಿಲ್ಲ.

ತೋಟದಲ್ಲಿ ಯಾವುದನ್ನು ಬಿಡಬಹುದು?

ಗೊಬ್ಬರ ಅರ್ಧಕ್ಕೆ ಇಳಿಸಿದವರು, ಹೊಸ ಗಿಡ, ಬೇಲಿ ಮುಂದೂಡಿದವರು ದರ ಚೇತರಿಸಿದಾಗ ಎರಡು ಮೂರು ವರ್ಷದಲ್ಲಿ ಸರಿಹೋದರು. ಆದರೆ ಕೂಲಿ ಗಿಟ್ಟದೆಂದು ಉದುರಿದ ಹಣ್ಣು ಹೆಕ್ಕದೆ ಬಿಟ್ಟಲ್ಲಿ ಕಾಯಿಕೊರಕ ಉಳಿದು ಮುಂದಿನ ಫಸಲಿಗೆ ಏರಿತು. ಅರೇಬಿಕಾದಲ್ಲಿ ಕಾಂಡಕೊರಕ ಹಿಡಿದ ಗಿಡ ಕಿತ್ತು ಸುಡದಿದ್ದಲ್ಲಿ ಪಕ್ಕದವನ ತೋಟವೂ ಕೆಟ್ಟಿತು. ಬೋರ್ಡೋ ದ್ರಾವಣ ತಪ್ಪಿಸಿದ ಅಡಿಕೆ ತೋಟದಲ್ಲಿ ಕೊಳೆರೋಗದಿಂದ ಗೊನೆ ಉದುರಿದವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಖರ್ಚು ಉಳಿಸಿ ಯಾರೂ ಗೆದ್ದದ್ದನ್ನು ನಾವು ಕಾಣೆವು. ಮಧ್ಯೆ ಮೆಣಸಿನ ಬಳ್ಳಿ, ಬಾಳೆ, ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವರಿಗೆ ವಾರದ ಸಂತೆ ಖರ್ಚಾದರೂ ಹುಟ್ಟುತ್ತಿತ್ತು.

ಈಗೇಕೆ ಈ ಮಾತು?

2024ರ ಕೊನೆಗೆ ಅರೇಬಿಕಾ ವಿಶ್ವ ಮಾರುಕಟ್ಟೆಯಲ್ಲಿ 1977ರ ದಾಖಲೆಯನ್ನೂ ಮೀರಿತು. 1994ರ ನಂತರ ನಡೆದುದನ್ನು ನೆನೆದವರಿಗೆ ಇದರ ಅರ್ಥ ತಿಳಿಯುತ್ತದೆ: ದರ ಏರಿದಾಗಲೇ ಮುಂದಿನ ಇಳಿತದ ಬೀಜ ಬಿದ್ದಿರುತ್ತದೆ. ಆದ್ದರಿಂದ ಸದಸ್ಯ ಬಾಂಧವರು ಒಳ್ಳೆಯ ವರ್ಷದಲ್ಲಿ ಮೊದಲು ಬಡ್ಡಿ ಸಾಲ ತೀರಿಸಿ, ಒಂದು ವರ್ಷದ ಮನೆಖರ್ಚು ಮತ್ತು ಔಷಧಿ ಸಿಂಪಡಣೆಯ ಹಣವನ್ನು ಠೇವಣಿಯಲ್ಲಿಟ್ಟು, ಮಿಕ್ಕದ್ದರಲ್ಲಿ ಉಳಿದ ಯೋಚನೆ ಮಾಡಬೇಕೆಂದು ಕೋರುತ್ತೇವೆ. ಪೂಲಿನ ಕಂತು ಈಗಿಲ್ಲ. ಆ ಕಂತನ್ನು ನಮಗೆ ನಾವೇ ಹಾಕಿಕೊಳ್ಳಬೇಕು.