ಗಿಡದ ಗುರುತು ಬರೆದಿಡೋಣ

ನಮ್ಮ ಸುತ್ತ ಎಷ್ಟೊಂದು ಗಿಡಗಳಿವೆ! ಹೊಲದ ಬದುವಿನಲ್ಲಿ ತುಂಬೆ. ಕೆರೆಯ ಹತ್ತಿರ ಒಂದೆಲಗ. ಬೇಲಿಯ ಮೇಲೆ ಅಮೃತಬಳ್ಳಿ. ಇವುಗಳ ಗುರುತು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಯಾವ ಸೊಪ್ಪು ತಂಬುಳಿಗೆ, ಯಾವ ಬೇರು ಔಷಧಿಗೆ ಅಂತ ನೋಡಿದ ಕೂಡಲೇ ಹೇಳ್ತಾರೆ. ಆದರೆ ಈ ತಿಳಿವಳಿಕೆ ಅವರ ತಲೆಯಲ್ಲಿದೆ. ಪುಸ್ತಕದಲ್ಲಿಲ್ಲ. ಅವರು ಹೋದರೆ ಅದೂ ಅವರ ಜೊತೆಗೇ ಹೋಗುತ್ತೆ.

ಈಗ ನಮಗೆ ಓದು ಬರಹ ಬಂದಿದೆ. ನಾವೇ ಬರೆದಿಡಬಹುದು. ಆದರೆ ಬರೀ ಹೆಸರು ಬರೆದರೆ ಸಾಕೇ? ಸಾಲದು. ಯಾಕೆ ಗೊತ್ತಾ?

ಒಂದೇ ಹೆಸರು, ಎರಡು ಗಿಡ

“ಬ್ರಾಹ್ಮಿ ಸೊಪ್ಪು ತಗೊಂಡು ಬಾ” ಅಂದರೆ ಒಬ್ಬರು ಒಂದೆಲಗ ತರ್ತಾರೆ. ಇನ್ನೊಬ್ಬರು ನೀರುಬ್ರಾಹ್ಮಿ ತರ್ತಾರೆ. ಎರಡನ್ನೂ ಬ್ರಾಹ್ಮಿ ಅಂತಲೇ ಕರೆಯುತ್ತಾರೆ. ಆದರೆ ಎರಡೂ ಬೇರೆ ಬೇರೆ ಗಿಡ.

ಒಂದೆಲಗದ ಎಲೆ ದುಂಡಗೆ. ತೊಟ್ಟು ಸೇರುವ ಕಡೆ ಒಳಗೆ ಸೀಳಿದಂತೆ ಇರುತ್ತೆ. ಅಂಚು ಸಣ್ಣ ಸಣ್ಣ ಅಲೆಯ ಹಾಗೆ. ತೊಟ್ಟು ಉದ್ದ. ಬಳ್ಳಿ ನೆಲದ ಮೇಲೆ ಹರಿಯುತ್ತೆ, ಗಂಟು ಗಂಟಿಗೂ ಬೇರು ಬಿಡುತ್ತೆ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ. ಕಾಂಡದ ಆಚೆ ಈಚೆ ಎದುರು ಬದುರಾಗಿ ಜೋಡಿ ಜೋಡಿ ಇರುತ್ತವೆ.

ಇಷ್ಟನ್ನೂ ಓದಿ ನೆನಪಿಟ್ಟುಕೊಳ್ಳುವುದು ಕಷ್ಟ. ಚಿತ್ರ ಇದ್ದರೆ ಒಂದೇ ನೋಟಕ್ಕೆ ತಿಳಿಯುತ್ತೆ.

“ಈಗ ಮೊಬೈಲಿನಲ್ಲಿ ಫೋಟೋ ತೆಗೀಬಹುದಲ್ಲ?” ಅಂತ ಕೇಳಬಹುದು. ತೆಗೆಯಿರಿ, ಒಳ್ಳೆಯದೇ. ಆದರೆ ಹೂವು ಒಂದು ಕಾಲಕ್ಕೆ ಬರುತ್ತೆ, ಕಾಯಿ ಇನ್ನೊಂದು ಕಾಲಕ್ಕೆ. ಬೇರು ಮಣ್ಣಿನೊಳಗೆ ಇರುತ್ತೆ. ಚಿತ್ರದಲ್ಲಿ ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ತೋರಿಸಬಹುದು. ಸುತ್ತಲಿನ ಹುಲ್ಲು ಕಸ ಬಿಟ್ಟು ಗಿಡವನ್ನು ಮಾತ್ರ ಬಿಡಿಸಬಹುದು. ಬಿಡಿಸುವಾಗ ಗಿಡವನ್ನು ಸರಿಯಾಗಿ ನೋಡಲೇಬೇಕಾಗುತ್ತೆ. ಹಾಗೆ ನೋಡಿದ್ದು ಮರೆಯುವುದಿಲ್ಲ.

ಶಿವಮೊಗ್ಗದಲ್ಲಿ ನಡೆದದ್ದು

ಇದು ಹೊಸ ಕೆಲಸವೇನಲ್ಲ. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯರು ಶಿವಮೊಗ್ಗದಲ್ಲಿದ್ದರು. ಅವರು ಗಿಡಗಳ ಚಿತ್ರ ಬರೆಯಲು ನಮ್ಮ ದೇಶದ ಒಬ್ಬ ಚಿತ್ರಗಾರರನ್ನು ಇಟ್ಟುಕೊಂಡಿದ್ದರು. ಅವರು ಬರೆಸಿದ ಚಿತ್ರಗಳು ಇಂದಿಗೂ ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯತೋಟದಲ್ಲಿ ಭದ್ರವಾಗಿವೆ. ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಅವು ಉಳಿದಿವೆ. ನಮ್ಮ ಊರಿನ ಗಿಡಗಳ ಚಿತ್ರ ನಮ್ಮ ಊರಿನಲ್ಲೂ ಇರಬೇಡವೇ?

ಏನೇನು ಬೇಕು?

ಪೆನ್ಸಿಲ್, ರಬ್ಬರ್, ಸ್ಕೇಲು ಬೇಕು. ಸಣ್ಣ ಮೊನೆಯ ಕಪ್ಪು ಮಾರ್ಕರ್ ಪೆನ್ನು ಒಂದು. ನೀರಿನಲ್ಲಿ ಕಲಸುವ ಬಣ್ಣದ ಒಂದು ಡಬ್ಬಿ. ಒಂದು ದಪ್ಪ ಬ್ರಷ್ಷು, ಒಂದು ಸಣ್ಣ ಬ್ರಷ್ಷು. ನೀರಿಗೆ ಎರಡು ಲೋಟ, ಒಂದು ಹಳೇ ಬಟ್ಟೆ. ಹಾಳೆ ದಪ್ಪ ಇರಬೇಕು. ನೋಟ್‌ಬುಕ್ಕಿನ ತೆಳು ಹಾಳೆ ನೀರು ಬಿದ್ದರೆ ಸುಕ್ಕಾಗುತ್ತೆ.

ಮಾರ್ಕರ್ ಪೆನ್ನಿನ ಮೇಲೆ 0.1, 0.3, 0.5 ಅಂತ ಬರೆದಿರುತ್ತೆ. ಅದು ಗೆರೆಯ ದಪ್ಪ, ಮಿಲಿಮೀಟರ್ ಲೆಕ್ಕದಲ್ಲಿ. ಎಲೆಯ ನರಕ್ಕೆ 0.1 ಒಳ್ಳೆಯದು. ಕಾಂಡಕ್ಕೆ, ಎಲೆಯ ಅಂಚಿಗೆ 0.3 ಸಾಕು.

ಮೊದಲು ಪೆನ್ನು ಪರೀಕ್ಷೆ ಮಾಡಿ

ಇದು ಬಹಳ ಮುಖ್ಯ. ಎಲ್ಲ ಪೆನ್ನಿನ ಶಾಯಿಯೂ ಒಂದೇ ಅಲ್ಲ. ಕೆಲವು ಶಾಯಿ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಕೆಲವು ನೀರು ಸೋಕಿದರೆ ಕರಗಿ ಹರಡುತ್ತವೆ. ಮಕ್ಕಳ ಸ್ಕೆಚ್ ಪೆನ್ನು ಹೀಗೆ ಹರಡುತ್ತೆ.

ಬೇರೆ ಹಾಳೆಯ ತುಂಡಿನ ಮೇಲೆ ಒಂದು ಗೆರೆ ಎಳೆಯಿರಿ. ಹತ್ತು ನಿಮಿಷ ಒಣಗಲು ಬಿಡಿ. ಒದ್ದೆ ಬ್ರಷ್ಷಿನಿಂದ ಅದರ ಮೇಲೆ ಸವರಿ. ಗೆರೆ ಹಾಗೇ ನಿಂತರೆ ಮೊದಲು ಪೆನ್ನು, ಆಮೇಲೆ ಬಣ್ಣ. ಗೆರೆ ಹರಡಿದರೆ ಮೊದಲು ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಪೆನ್ನು. ಒದ್ದೆ ಹಾಳೆಯ ಮೇಲೆ ಮಾತ್ರ ಯಾವ ಪೆನ್ನನ್ನೂ ಆಡಿಸಬೇಡಿ. ಗೆರೆಯೂ ಕೆಡುತ್ತೆ, ಪೆನ್ನಿನ ಮೊನೆಯೂ ಕೆಡುತ್ತೆ.

ಈಗ ಒಂದೆಲಗ ಬಿಡಿಸೋಣ

1. ಗಿಡವನ್ನು ಎದುರಿಗೆ ಇಟ್ಟುಕೊಳ್ಳಿ. ಎಲೆಯ ಅಗಲ, ತೊಟ್ಟಿನ ಉದ್ದ ಸ್ಕೇಲಿನಿಂದ ಅಳೆಯಿರಿ.

2. ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಮೊದಲು ಬಳ್ಳಿ, ಆಮೇಲೆ ತೊಟ್ಟು, ಕೊನೆಗೆ ಎಲೆ.

3. ಅದರ ಮೇಲೆ ಪೆನ್ನಿನಿಂದ ತಿದ್ದಿ. ಅಂಚಿನ ಅಲೆಗಳನ್ನು ಅಂದಾಜಿನಲ್ಲಿ ಬರೆಯಬೇಡಿ, ನೋಡಿ ಬರೆಯಿರಿ. ನರಗಳು ತೊಟ್ಟಿನ ತುದಿಯಿಂದ ಬೆರಳು ಹರಡಿದಂತೆ ಹೊರಡುತ್ತವೆ. ಗಂಟಿನಲ್ಲಿ ಬೇರು ತೋರಿಸಿ. ಒಣಗಿದ ಮೇಲೆ ಪೆನ್ಸಿಲ್ ಗೆರೆ ಅಳಿಸಿ.

4. ಹಳದಿಗೆ ಸ್ವಲ್ಪ ನೀಲಿ ಬೆರೆಸಿ. ಹಸಿರು ಬರುತ್ತೆ. ತುಂಬಾ ಢಾಳು ಅನ್ನಿಸಿದರೆ ಒಂದು ಚೂರು ಕೆಂಪು ಸೇರಿಸಿ, ಸೊಪ್ಪಿನ ಬಣ್ಣ ಬರುತ್ತೆ. ಹೆಚ್ಚು ನೀರು ಹಾಕಿ ತೆಳುವಾಗಿ ಬಳಿಯಿರಿ.

5. ಒಣಗಿದ ಮೇಲೆ ನೆರಳಿನ ಕಡೆ ಇನ್ನೊಂದು ಸಲ ಬಳಿಯಿರಿ. ನೀರು ಬಣ್ಣದಲ್ಲಿ ತೆಳುವನ್ನು ದಟ್ಟ ಮಾಡಬಹುದು. ದಟ್ಟವನ್ನು ತೆಳು ಮಾಡುವುದು ಕಷ್ಟ.

ಬಣ್ಣ ಗೆರೆಯನ್ನು ಮುಚ್ಚಬಾರದು. ಗೆರೆ ಆಕಾರ ಹೇಳುತ್ತೆ, ಬಣ್ಣ ಜೀವ ತುಂಬುತ್ತೆ. ಗಿಡ ಗುರುತಿಸಲು ಎರಡೂ ಬೇಕು.

ತುಂಬೆಯ ಹೂವು ಬಿಳಿ. ಅದಕ್ಕೆ ಯಾವ ಬಣ್ಣ? ಬಣ್ಣವೇ ಬೇಡ! ಹಾಳೆಯ ಬಿಳಿಯನ್ನೇ ಬಿಡಿ. ಸಣ್ಣ ಗೆರೆಯಲ್ಲಿ ಹೂವಿನ ಆಕಾರ ಬರೆಯಿರಿ. ಸುತ್ತಲಿನ ಎಲೆಗೆ ಹಸಿರು ಬಳಿಯಿರಿ. ಹೂವು ತಾನೇ ಎದ್ದು ಕಾಣುತ್ತೆ.

ಚಿತ್ರದ ಪಕ್ಕದಲ್ಲಿ ಬರೆಯಿರಿ

ಗಿಡದ ಹೆಸರು ಬರೆಯಿರಿ. ಬೇರೆ ಹೆಸರು ಇದ್ದರೆ ಅದನ್ನೂ ಬರೆಯಿರಿ. ಒಂದೆಲಗವನ್ನು ತುಳುವಿನಲ್ಲಿ ತಿಮರೆ ಅಂತಾರೆ. ಎಲ್ಲಿ ಸಿಕ್ಕಿತು, ಯಾವ ದಿನ, ಅಳತೆ ಎಷ್ಟು, ಯಾರು ಹೇಳಿದರು, ಇವನ್ನೆಲ್ಲ ಬರೆಯಿರಿ. ಹೇಳಿದವರ ಹೆಸರು ಬರೆಯುವ ಮುಂಚೆ ಅವರನ್ನು ಕೇಳಿ. ಹಾಳೆಗಳನ್ನು ಬಿಸಿಲು, ತೇವ ತಾಗದ ಕಡೆ ಇಡಿ.

2002ರ ಜೀವವೈವಿಧ್ಯ ಕಾನೂನಿನ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಂದು ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿಗಳ ದಾಖಲೆಯನ್ನು ಆ ಸಮಿತಿ ಜನರ ಜೊತೆ ಸೇರಿ ಬರೆಯಬೇಕು. ನಿಮ್ಮ ಚಿತ್ರಗಳು ಆ ಕೆಲಸಕ್ಕೂ ಆಗುತ್ತವೆ. ಪಂಚಾಯಿತಿಯಲ್ಲಿ ವಿಚಾರಿಸಿ.

ಎಚ್ಚರ!

ಗುಲಗಂಜಿ ನೋಡಲು ಚೆಂದ. ಕೆಂಪು ಮೈ, ಕಪ್ಪು ಕಣ್ಣು. ಆದರೆ ಅದರ ಬೀಜ ವಿಷ. ಚೆಂದ ಕಂಡದ್ದೆಲ್ಲ ಬಾಯಿಗಲ್ಲ. ಚಿತ್ರ ನೋಡಿ ನೀವೇ ಔಷಧಿ ಮಾಡಬೇಡಿ. ತಿಳಿದವರನ್ನು ಕೇಳಿ. ವಿಷದ ಗಿಡದ ಚಿತ್ರದ ಕೆಳಗೆ “ವಿಷ” ಎಂದು ದೊಡ್ಡದಾಗಿ ಬರೆಯಿರಿ. ಓದಿದ ಮಗು ಉಳಿಯುತ್ತೆ.

ನೀವೇ ಮಾಡಿ

1. ನಿಮ್ಮ ಪೆನ್ನಿನ ಶಾಯಿ ನೀರಿನಲ್ಲಿ ಹರಡುತ್ತದೆಯೇ? ಪರೀಕ್ಷೆ ಮಾಡಿ.

2. ಒಂದೆಲಗ, ನೀರುಬ್ರಾಹ್ಮಿ ಇವುಗಳ ಎಲೆಯಲ್ಲಿ ಏನು ವ್ಯತ್ಯಾಸ?

3. ನಿಮ್ಮ ಊರಿನ ಹಿರಿಯರೊಬ್ಬರನ್ನು ಕೇಳಿ ಐದು ಗಿಡಗಳ ಹೆಸರು ಬರೆಯಿರಿ. ವಾರಕ್ಕೆ ಒಂದರಂತೆ ಬಿಡಿಸಿ. ಬಿಡಿಸಿದ್ದನ್ನು ಅವರಿಗೆ ತೋರಿಸಿ. ಅವರು ಹೆಸರು ಕೇಳದೆಯೇ ಗುರುತು ಹಿಡಿದರೆ ನಿಮ್ಮ ಚಿತ್ರ ಸರಿಯಾಗಿದೆ.