ನೆಲ ಕೊಳ್ಳುವವರು ವಿಚಾರಿಸಬೇಕಾದ ಎರಡು ನೆರೆ

ಬಾಡಿಗೆ ಕೋಣೆಯಲ್ಲಿ ದಿನ ನೂಕುವ ನಮ್ಮಂಥವರಿಗೆ ಒಂದು ತುಂಡು ಸ್ವಂತ ನೆಲದ ಕನಸು ಹೊಸದಲ್ಲ. ಈ ಕನಸು ಅಮೆರಿಕದವರಿಗೂ ಉಂಟು. ಅಲ್ಲಿ ಕೆಲವರು ಪಟ್ಟಣದ ನೌಕರಿ ಬಿಟ್ಟು, ಹಳ್ಳಿಯ ಕಡೆ ಹತ್ತಿಪ್ಪತ್ತು ಎಕರೆ ಕೊಂಡು, ತಮ್ಮ ಅನ್ನ ತಾವೇ ಬೆಳೆದುಕೊಂಡು, ಎಂಥ ಆಪತ್ಕಾಲಕ್ಕೂ ಸಿದ್ಧರಾಗಿರಬೇಕೆಂದು ಹೊರಡುತ್ತಾರೆ. ಇದಕ್ಕೆ ಅವರು ಹೋಮ್‌ಸ್ಟೆಡಿಂಗ್ ಎನ್ನುತ್ತಾರೆ.

ಈ ಹೆಸರು ಹಳೆಯದು. 1862ರಲ್ಲಿ ಅಧ್ಯಕ್ಷ ಲಿಂಕನ್ನರು ಅಂಕಿತ ಹಾಕಿದ ಕಾನೂನಿನಂತೆ, ಐದು ವರ್ಷ ನೆಲಸಿ ಸಾಗುವಳಿ ಮಾಡಿದವರಿಗೆ 160 ಎಕರೆಯವರೆಗೆ ಸರ್ಕಾರಿ ಭೂಮಿ ದೊರೆಯುತ್ತಿತ್ತು. ಅದು ಮೂಲನಿವಾಸಿಗಳ ಕೈತಪ್ಪಿದ ಭೂಮಿಯೆಂಬುದನ್ನೂ ಮರೆಯಬಾರದು. ಅಲಾಸ್ಕವೊಂದನ್ನು ಬಿಟ್ಟು ಉಳಿದೆಡೆ 1976ರಲ್ಲಿ ಆ ಕಾನೂನು ರದ್ದಾಯಿತು. ಈಗ ನೆಲಕ್ಕೆ ಹಣ ತೆರಬೇಕು. ಆದ್ದರಿಂದ ಆರಿಸುವ ವಿವೇಕವೂ ಬೇಕು.

ಆರಿಸುವವರು ಒಂದೊಂದು ಕೌಂಟಿಯನ್ನು ಹಿಡಿದು ಪರೀಕ್ಷಿಸುತ್ತಾರೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ಜನಸಂಖ್ಯೆ ಮಾತ್ರ ಸಾಮಾನ್ಯವಾಗಿ ಬಹು ಕಡಿಮೆ. ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿಯನ್ನು ನಾವೂ ಪರೀಕ್ಷಿಸೋಣ. 2020ರ ಗಣತಿಯಂತೆ ಅಲ್ಲಿ ಸುಮಾರು 30 ಸಾವಿರ ಜನ.

ಹಿಮಯುಗದಲ್ಲಿ ಸುತ್ತಲ ಸೀಮೆಯನ್ನೆಲ್ಲ ಉಜ್ಜಿ ಸಮತಟ್ಟು ಮಾಡಿದ ನೀರ್ಗಲ್ಲ ರಾಶಿ ಈ ಭಾಗವನ್ನು ಮುಟ್ಟಲಿಲ್ಲ. ಆದ್ದರಿಂದ ಇಲ್ಲಿ ಕಡಿದಾದ ಗುಡ್ಡಗಳು, ಆಳವಾದ ಕಣಿವೆಗಳು, ತಣ್ಣನೆಯ ಒರತೆಗಳು. ನೋಡಿದ ಕೂಡಲೆ ಮುಂಗಡ ಕೊಡಬೇಕೆನಿಸುವ ಸೀಮೆ.

ಆದರೆ ಗುಡ್ಡದ ಮೇಲೆ ಸುರಿದ ಮಳೆಯೆಲ್ಲ ಕಣಿವೆಗೇ ಇಳಿಯಬೇಕಷ್ಟೆ. 2007, 2008 ಮತ್ತು 2018ರಲ್ಲಿ ಇಲ್ಲಿ ಭಾರಿ ಪ್ರವಾಹಗಳು ಬಂದವು. 2018ರಲ್ಲಿ ಕೂನ್ ಹಳ್ಳದ ಪ್ರದೇಶದಲ್ಲಿ, ಪ್ರವಾಹ ತಡೆಯಲೆಂದೇ ಕಟ್ಟಿದ್ದ ಕೆಲವು ಸಣ್ಣ ಅಣೆಕಟ್ಟುಗಳು ಒಡೆದುಹೋದವು. ಕಿಕಪೂ ನದಿಯ ಕೆಳಗಣ ಪಕ್ಕದ ಕೌಂಟಿಯಲ್ಲಿ, ಸೋಲ್ಜರ್ಸ್ ಗ್ರೋವ್ ಎಂಬ ಊರಿನವರು 1978ರ ಪ್ರವಾಹದ ತರುವಾಯ ತಮ್ಮ ಪೇಟೆಯನ್ನೇ ಎತ್ತರದ ಜಾಗಕ್ಕೆ ಸಾಗಿಸಿದರು. ಹೊಳೆಯಂಚಿನ ಅಗ್ಗದ ನೆಲ ಅಗ್ಗವಾಗಿರುವುದಕ್ಕೆ ಕಾರಣವಿರುತ್ತದೆ.

ಎರಡನೆಯದು ಮಣ್ಣು. ಇಳಿಜಾರನ್ನು ಮೇಲಿಂದ ಕೆಳಕ್ಕೆ ಉತ್ತು, ಮಣ್ಣು ಕೊಚ್ಚಿಹೋಗಿ, ಇಲ್ಲಿ ದೊಡ್ಡ ಕೊರಕಲುಗಳು ಬಿದ್ದಿದ್ದವು. 1933ರಲ್ಲಿ ಅಮೆರಿಕದ ಮೊದಲ ಜಲಾನಯನ ಸಂರಕ್ಷಣಾ ಯೋಜನೆ ಈ ಕೂನ್ ಹಳ್ಳದಲ್ಲೇ ಆರಂಭವಾಯಿತು. ರೈತರು ಗುಡ್ಡಕ್ಕೆ ಅಡ್ಡಲಾಗಿ ಉತ್ತು, ಪಟ್ಟೆ ಪಟ್ಟೆಯಾಗಿ ಬೆಳೆ ಹಾಕಲು ಕಲಿತರು.

ಮೂರನೆಯದು ಬಾವಿ. ತಳದ ಸುಣ್ಣಕಲ್ಲಿನ ಬಿರುಕುಗಳ ಮೂಲಕ ಗೊಬ್ಬರದ ಕೊಳೆ ಅಂತರ್ಜಲಕ್ಕೆ ಇಳಿಯಬಲ್ಲುದು; ನೀರು ಪರೀಕ್ಷಿಸದೆ ಕೊಳ್ಳಲಾಗದು. ನಾಲ್ಕನೆಯದು ಚಳಿಗಾಲ. ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿಳಿಯುವ ರಾತ್ರಿಗಳುಂಟು. ಸೌದೆ, ಮೇವು, ಆಹಾರ ಬೇಸಗೆಯಲ್ಲೇ ಕೂಡಿಡಬೇಕು.

ಕೊನೆಯದು ಜನ. ಇಲ್ಲಿನ ಆಮಿಶ್ ಪಂಥದವರು ಇಂದಿಗೂ ಕುದುರೆ ಕಟ್ಟಿ ಹೊಲ ಉಳುತ್ತಾರೆ. ಒಬ್ಬರ ಕೊಟ್ಟಿಗೆಯನ್ನು ಊರೆಲ್ಲ ಸೇರಿ ಎಬ್ಬಿಸುವುದು ಅವರ ಪದ್ಧತಿ. 1988ರಲ್ಲಿ ಇಲ್ಲಿನ ಕೆಲವು ರೈತ ಕುಟುಂಬಗಳು ಕೂಡಿ ಆರಂಭಿಸಿದ ಆರ್ಗ್ಯಾನಿಕ್ ವ್ಯಾಲಿ ಎಂಬ ಸಹಕಾರ ಸಂಘ ಇಂದು ದೇಶದಾದ್ಯಂತ ಹಾಲು ಬೆಣ್ಣೆ ಮಾರುತ್ತದೆ. ಆಪತ್ಕಾಲದಲ್ಲಿ ಒಂಟಿ ಮನೆಯ ತುಂಬಿದ ಉಗ್ರಾಣಕ್ಕಿಂತ ಕೂಗಿದರೆ ಓಗೊಡುವ ಮನೆ ದೊಡ್ಡ ಆಸ್ತಿ.

ಕನ್ನಡದಲ್ಲಿ ನೆರೆಯೆಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ವರ್ನನ್ನಿನಲ್ಲಿ ಮೊದಲನೆಯದರ ಭಯವುಂಟು, ಎರಡನೆಯದರ ಬಲವುಂಟು. ಅಲ್ಲಿಗೆ ಹೋಗುವವರು ಬೆಲೆ ಕೇಳುವ ಮೊದಲು ಈ ಎರಡು ನೆರೆಯನ್ನೂ ವಿಚಾರಿಸಲಿ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಊರಿನ ನೆಲಕ್ಕೆ ಹಾಕಬೇಕೆಂದಿರುವ ನಮ್ಮ ವಾಚಕರೂ ಹೀಗೆಯೇ ವಿಚಾರಿಸಿದರೆ ನಷ್ಟವಿಲ್ಲ.