ಜರ್ಮನಿ ಟೂರ್: 90 ದಿನದ ಲೆಕ್ಕ

ಎಂ.ಎಸ್. ಓದ್ತಿರೋ ಸೀನಿಯರ್‌ಗಳನ್ನ ನೋಡ್ಕೊಂಡು, ಹಾಗೇ ಜರ್ಮನಿ ಸುತ್ತಿ ಬರೋ ಆಸೆ ನಮ್ಮಲ್ಲಿ ಹಲವರಿಗಿದೆ. ಅದಕ್ಕೆ ಬೇಕಾದ್ದು ಷೆಂಗೆನ್ ವೀಸಾ. 29 ದೇಶಗಳಿಗೆ ನಿಯಮ ಒಂದೇ. ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ.

ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಈ 180 ಅನ್ನೋದು ಕ್ಯಾಲೆಂಡರಿನ ಅರ್ಧ ವರ್ಷವಲ್ಲ, ನಾವು ಕೋಡಿಂಗ್‌ನಲ್ಲಿ ಬರೆಯೋ ಸ್ಲೈಡಿಂಗ್ ವಿಂಡೋ. ಅಲ್ಲಿರುವ ಪ್ರತಿ ದಿನವೂ ಹಿಂದಿನ 180 ದಿನಗಳನ್ನು ಹೊಸದಾಗಿ ಎಣಿಸಬೇಕು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. 2027ರ ಜನವರಿ 1ಕ್ಕೆ ಹೋಗಿ ಮಾರ್ಚ್ 31ಕ್ಕೆ ಹೊರಟರೆ 90 ಖಾಲಿ. ಮತ್ತೆ ಕಾಲಿಡೋಕಾಗೋದು ಜೂನ್ 30ಕ್ಕೆ, ಅದೂ ಮಲ್ಟಿಪಲ್ ಎಂಟ್ರಿ ವೀಸಾ ಚಾಲ್ತಿಯಲ್ಲಿದ್ದರೆ.

ಸ್ಟಿಕ್ಕರನ್ನೂ ಸರಿಯಾಗಿ ಓದಿ. ವೀಸಾ ಒಂದು ತಿಂಗಳು ಚಾಲ್ತಿಯಲ್ಲಿದ್ರೂ ವಾಸದ ಅವಧಿ 15 ದಿನ ಅಂತಿದ್ರೆ 15ಕ್ಕೇ ವಾಪಸ್.

ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹೊರಡೋ ದಿನದ ನಂತರವೂ ಪಾಸ್‌ಪೋರ್ಟ್‌ಗೆ 3 ತಿಂಗಳ ಆಯಸ್ಸಿರಬೇಕು. ಅರ್ಜಿ ಹಾಕೋದು ಪ್ರಯಾಣಕ್ಕೆ 6 ತಿಂಗಳಿಂದ 15 ದಿನ ಮುಂಚೆ.

2025ರ ಅಕ್ಟೋಬರ್‌ನಲ್ಲಿ ಶುರುವಾದ ಎಂಟ್ರಿ-ಎಕ್ಸಿಟ್ ವ್ಯವಸ್ಥೆಯಲ್ಲಿ ದಿನ ಎಣಿಸೋದು ಕಂಪ್ಯೂಟರ್. ಒಂದು ದಿನ ಮೀರಿದ್ರೂ ದಾಖಲಾಗುತ್ತೆ. ನಾಳೆ ಓದೋಕೆ ವೀಸಾ ಕೇಳುವಾಗ ಅದೇ ಅಡ್ಡ ಬರಬಹುದು. ಟಿಕೆಟ್‌ಗೆ ಮುಂಚೆ ಲೆಕ್ಕ ಹಾಕೋಣ.